ಬೀಗ ಹಾಕಿದವರು ಯಾರು?

ನಮ್ಮ ಕಾಸರಗೋಡಿನ ಒಂದು ಅಡಿಕೆ ಖರೀದಿ ಕೇಂದ್ರದಲ್ಲಿ ನಾನು ಗುಮಾಸ್ತನಾಗಿದ್ದವ. ಸೇರುವಾಗ ಲೆಕ್ಕವೆಲ್ಲ ದಪ್ಪ ಪುಸ್ತಕದಲ್ಲಿ. ನಿವೃತ್ತಿಯ ಹೊತ್ತಿಗೆ ಎಲ್ಲವೂ ಕಂಪ್ಯೂಟರಿನಲ್ಲಿ. ಆಗ ನಡೆದದ್ದು ಇದು.

ಆಟಿ ತಿಂಗಳ ಶನಿವಾರ. ಹೊರಗೆ ಜಡಿಮಳೆ, ಬೆಳಗ್ಗಿನಿಂದ ಎರಡು ಸಲ ಕರೆಂಟು ಹೋಗಿ ಬಂದಿತ್ತು. ಪೆರ್ಲ ಕಡೆಯ ಅಜ್ಜಿಯೊಬ್ಬರು ಮೂರು ಗೋಣಿ ಚಾಲಿ ತಂದಿದ್ದರು. ಪಟೋರ, ಕರಿಗೋಟು ಬೇರೆ ಮಾಡಿ ತೂಕವೂ ಆಯಿತು. ಮಗ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾನೆ, ಇಂದೇ ದುಡ್ಡು ಕಟ್ಟಬೇಕು. "ಬೇಗ ಮಾಡು ಮಗಾ, ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ನನ್ನ ಗತಿ ಎಂತದು?" ಎಂದರು.

ಅವರ ಸದಸ್ಯ ನಂಬರು ಒತ್ತಿದೆ. ಈ ದಾಖಲೆ ಲಾಕ್ ಆಗಿದೆ, ಬೇರೆಯವರು ಬಳಸುತ್ತಿದ್ದಾರೆ ಎಂದು ತೆರೆಯಲ್ಲಿ ಬಂತು. ಕಂಪ್ಯೂಟರು ಆರಿಸಿ ಹಚ್ಚಿದೆ. ಪುನಃ ಅದೇ. ನನಗೆ ಪಿತ್ತ ನೆತ್ತಿಗೇರಿತು. ಪಕ್ಕದ ಮೇಜಿನ ಹುಡುಗಿಗೆ, "ನೀನೇ ತೆರೆದಿಟ್ಟು ಮರೆತದ್ದು, ಎಷ್ಟು ಸಲ ಹೇಳುವುದು?" ಎಂದು ಎಲ್ಲರೆದುರು ಬೈದೆ. "ನಾನು ಮುಟ್ಟಲೇ ಇಲ್ಲ ಅಣ್ಣಾ" ಎಂದು ಅವಳು ತಲೆ ತಗ್ಗಿಸಿದಳು.

ಇನ್ನೊಬ್ಬರ ನಂಬರಿನಲ್ಲಿ ಬಿಲ್ಲು ಮಾಡಿ ಆಮೇಲೆ ಸರಿಮಾಡುವ ಎಂಬ ಯೋಚನೆಯೂ ಬಂತು. ಕೈ ನಡುಗಿತು. ಹೆಡ್ಡಾಫೀಸಿಗೆ ಫೋನು ಮಾಡಿದೆ. ಅಲ್ಲಿಯವರು ನೋಡಿ, "ಬೀಗ ನಿಮ್ಮ ಹೆಸರಲ್ಲೇ ಉಂಟಲ್ಲ ಮಾರಾಯ್ರೇ, 11 ಗಂಟೆ 40ಕ್ಕೆ" ಎಂದರು.

ಹೌದು. ಅಜ್ಜಿ ಬಂದ ಕೂಡಲೇ ಖಾತೆ ತೆರೆದವ ನಾನೇ. ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಕಂಪ್ಯೂಟರು ಆರಿತು, ಆದರೆ ಬೀಗ ಇರುವುದು ದೂರದ ಸರ್ವರಿನಲ್ಲಿ. ನಾನಿನ್ನೂ ಬರೆಯುತ್ತಾ ಕುಳಿತಿದ್ದೇನೆಂದು ಅದು ನಂಬಿತ್ತು.

ಈ ಬೀಗವಾದರೂ ಯಾಕೆ? ಒಬ್ಬರ ಖಾತೆಯಲ್ಲಿ 40,000 ರೂಪಾಯಿ ಇದೆಯೆನ್ನಿ. ಇಬ್ಬರು ಗುಮಾಸ್ತರು ಒಟ್ಟಿಗೆ ತೆರೆದರು. ಒಬ್ಬ ಅಡಿಕೆಯ 12,000 ಸೇರಿಸಿ 52,000 ಎಂದು ಬರೆದ. ಇನ್ನೊಬ್ಬ, ತಾನು ಮೊದಲೇ ನೋಡಿದ್ದ 40,000ದಿಂದ 5,000 ಕಳೆದು 35,000 ಎಂದು ಬರೆದ. ಇರಬೇಕಾದದ್ದು 47,000, ರೈತನ 12,000 ಮಂಗಮಾಯ. ಹಿಂದೆ ಪುಸ್ತಕ ಒಂದೇ, ಪೆನ್ನು ಒಂದೇ. ಒಬ್ಬ ಬರೆದು ಮುಗಿಸುವವರೆಗೆ ಇನ್ನೊಬ್ಬ ಕಾಯುತ್ತಿದ್ದ. ಕಂಪ್ಯೂಟರಿನಲ್ಲಿ ಹೀಗೆ ಕಾಯಿಸುವ ಕ್ರಮವನ್ನು 1970ರ ದಶಕದಲ್ಲಿ ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಅಮೆರಿಕದ ಜಿಮ್ ಗ್ರೇ ಪ್ರಮುಖರು. ಇಂಥ ಸಂಶೋಧನೆಗಾಗಿ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಈಗ ನಮ್ಮ ಮಾಸ್ತರರೂ ಟೀಚರುಗಳೂ ಕಂಪ್ಯೂಟರಿನಲ್ಲೇ ದಾಖಲೆ ತುಂಬುವವರು. ಆದ್ದರಿಂದ ಹೇಳುತ್ತೇನೆ. ಲಾಕ್ ಎಂದು ಬಂದರೆ ಮೊದಲು ನಿಮ್ಮದೇ ಬೇರೆ ಕಿಟಕಿ ತೆರೆದಿದೆಯೋ ನೋಡಿ. ಆಮೇಲೆ ಜೊತೆಯವರನ್ನು ಕೇಳಿ; ಅವರು ಬರೆಯುತ್ತಿದ್ದರೆ ಸೇವ್ ಮಾಡಿ ಮುಚ್ಚಲಿ. ಸ್ವಲ್ಪ ಹೊತ್ತು ಕಾದರೆ ಕೆಲವು ಬೀಗ ತಾನೇ ಬಿಡುತ್ತದೆ. ಬಿಡದಿದ್ದರೆ ಅಧಿಕಾರ ಇದ್ದವರಿಗೆ ತಿಳಿಸಿ. ಯಾರ ಹೆಸರಲ್ಲಿ, ಎಷ್ಟು ಗಂಟೆಯಿಂದ ಬೀಗ ಬಿದ್ದಿದೆ ಎಂದು ಅವರಿಗೆ ಕಾಣುತ್ತದೆ. ಸ್ಯಾಪ್ ಎಂಬ ದೊಡ್ಡ ತಂತ್ರಾಂಶದಲ್ಲಿ ಅದಕ್ಕೆ ಎಸ್‌ಎಂ12 ಎಂಬ ಪುಟವೇ ಇದೆ. ಆದರೆ ಬರೆಯುತ್ತಿರುವವರ ಬೀಗ ಒಡೆದರೆ ಲೆಕ್ಕ ಹಾಳು. ಅದಕ್ಕೇ ಹೆಡ್ಡಾಫೀಸಿನವರು ನನ್ನನ್ನೂ ಮೊದಲು ಕೇಳಿದರು: "ಬಿಲ್ಲು ಅರ್ಧ ಮಾಡಿದ್ದೀರಾ?" ಇಲ್ಲವೆಂದೆ. ತಾವೂ ನೋಡಿ ಖಚಿತ ಮಾಡಿಕೊಂಡು ಬೀಗ ತೆಗೆದರು.

ಬೈದದ್ದು ಎಲ್ಲರೆದುರು. ಹಾಗಾಗಿ "ತಪ್ಪು ನನ್ನದೇ" ಎಂದದ್ದೂ ಎಲ್ಲರೆದುರೇ. ಹುಡುಗಿ ತಲೆ ಎತ್ತದೆ, "ಆಯಿತು ಅಣ್ಣಾ, ಮೊದಲು ಅಜ್ಜಿಯ ಬಿಲ್ಲು ಮಾಡಿ" ಎಂದಳು.

ಅಜ್ಜಿಗೆ ಬಸ್ಸು ಸಿಕ್ಕಿತು. ಆ ಹುಡುಗಿ ನನ್ನೊಡನೆ ಮೊದಲಿನಂತೆ ಮಾತಾಡಲು ಮಾತ್ರ ಕೆಲವು ದಿನ ಹಿಡಿಯಿತು.