ಗಾಲಿ ಇಲ್ಲದ ದಾರಿ

ಆಟೋ ನಗರದಲ್ಲಿ ನಡೆದು ಹೋಗುವವನನ್ನು ಕಂಡರೆ ಜನಕ್ಕೆ ಕನಿಕರ. "ಗಾಡಿ ಎಲ್ಲಿ ಕೆಟ್ಟು ನಿಂತೈತ್ರಿ?" ಎಂದು ಕೇಳಿಯೇ ಬಿಡುತ್ತಾರೆ. ಗ್ಯಾರೇಜು, ಲೇಥು, ವೆಲ್ಡಿಂಗು, ಲಾರಿಗೆ ಬಾಡಿ ಕಟ್ಟುವವರು: ಬೆಳಗಾವಿಯ ಈ ಮೂಲೆಯ ಅನ್ನವೆಲ್ಲ ಗಾಲಿ ಉರುಳಿದರೆ ಉಂಟು. ಕೆಎಸ್‌ಸಿಎ ಕ್ರಿಕೆಟ್ ಮೈದಾನವೂ ಇಲ್ಲೇ ಇದೆ. ಅಲ್ಲಿ ಬೆವರು ಸುರಿಸುವವರನ್ನು ಯಾರೂ ಏನೂ ಕೇಳುವುದಿಲ್ಲ, ಅವರು ಬಿಳಿ ಬಟ್ಟೆಯಲ್ಲಿರುತ್ತಾರೆ.

ಖಾನಾಪುರ ತಾಲೂಕಿನ ಕಾಡಿಗೆ ನಡೆಯಲು ಹೋಗೋಣವೆಂದಾಗ ಗೇರ್‌ಬಾಕ್ಸ್ ಬಿಚ್ಚುತ್ತಿದ್ದ ನನ್ನ ಮೆಕ್ಯಾನಿಕ್ ಗೆಳೆಯ ಪಾನಾ ಕೆಳಗಿಟ್ಟ. "ನಡಿಯೂದಕ್ಕ ಬಸ್ ಹತ್ತಿ ಹೋಗೂದೇನ್ರಿ ಸರ?" ಆದರೂ ಬಂದ.

ಜಾಂಬೋಟಿ ದಾರಿ ಗೋವಾಕ್ಕೆ ಹೋಗುವವರ ದಾರಿ. ಚೋರ್ಲಾ ಘಾಟು ಇಳಿದು ಸಮುದ್ರ ಕಾಣುವ ಆತುರದಲ್ಲಿ ಕಾರುಗಳು ಕಣಕುಂಬಿಯನ್ನು ದಾಟುವುದೇ ಗೊತ್ತಾಗುವುದಿಲ್ಲ. ಅಲ್ಲಿ ಇಳಿದರೆ ಗುಡಿಯ ಪಕ್ಕದ ಪುಟ್ಟ ಕುಂಡದಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಖಾನಾಪುರ, ಸವದತ್ತಿ ಸೀಮೆ ಸುತ್ತಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವಳು ಇವಳೇ. ಇದೇ ಗುಡ್ಡಸಾಲಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಕಳಸಾ ಹಳ್ಳ ಹಿಡಿದು ಮಹದಾಯಿಯಾಗಿ ಪಡುವಣಕ್ಕೆ, ಗೋವಾಕ್ಕೆ. ಆ ಮಗ್ಗುಲಿನ ನೀರನ್ನು ಈ ಮಗ್ಗುಲಿಗೆ ತಿರುಗಿಸಬೇಕೆಂದು ನರಗುಂದದ ರೈತರು 2015ರ ಜುಲೈನಲ್ಲಿ ಧರಣಿ ಕೂತರು. 2018ರಲ್ಲಿ ನ್ಯಾಯಮಂಡಳಿಯ ತೀರ್ಪೂ ಬಂತು. ಹಳ್ಳ ಮಾತ್ರ ತೀರ್ಪು ಓದದೆ ಹರಿಯುತ್ತಲೇ ಇದೆ.

ನಾವು ನಡೆಯಬೇಕಿದ್ದುದು ಚಿಕಲೆ ಊರಿನಿಂದ ಆಮಗಾಂವ ಹಳ್ಳಿಯ ಕಡೆಗೆ ಕಾಡೊಳಗೆ ಹೋಗುವ ದಾರಿ, ಭೀಮಗಡದ ಕಡೆಯದು. 2011ರ ಡಿಸೆಂಬರಿನಲ್ಲಿ ವನ್ಯಜೀವಿಧಾಮವಾದ ಸುಮಾರು 190 ಚದರ ಕಿಲೋಮೀಟರಿನ ಕಾಡು. ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಅನುಮತಿ ಪಡೆದು, ಗಾರ್ಡ್ ಒಬ್ಬರ ಹಿಂದೆ ಹೊರಟೆವು. ಮಳೆ ನಿಂತಿದ್ದರೂ ಜಿಗಣೆಗಳಿಗೆ ಆ ಸುದ್ದಿ ತಲುಪಿರಲಿಲ್ಲ. ಗೆಳೆಯ ಕಾಲಿಗೆ ನಿಪ್ಪಾಣಿ ತಂಬಾಕು ತಿಕ್ಕಿಕೊಂಡ. ಜಿಗಣೆ ಬಿಟ್ಟವೋ ಇಲ್ಲವೋ, ನಾನಂತೂ ದಾರಿಯುದ್ದಕ್ಕೂ ಸೀನಿದೆ.

ಕೆಂಪು ಕಲ್ಲು, ನೇರಳೆ ಮರಗಳ ನೆರಳು, ಕವಳಿ ಕಂಟಿ. ಮೇ ತಿಂಗಳಲ್ಲಿ ಬೆಳಗಾವಿಯ ಬೀದಿಬದಿ ಹೆಣ್ಣುಮಕ್ಕಳು ಎಲೆಯಲ್ಲಿ ಮಾರುವ ಕರಿ ಕವಳಿಹಣ್ಣು ಇಂಥ ಕಂಟಿಯಿಂದಲೇ ಬರುವುದು. ಮುಳ್ಳು ಮುಟ್ಟಿ ನೋಡಿದ ಮೇಲೆ ಅವರೊಂದಿಗೆ ಚೌಕಾಶಿ ಮಾಡುವ ಧೈರ್ಯ ನನಗೆ ಉಳಿದಿಲ್ಲ. ಇದೇ ಅಭಯಾರಣ್ಯದ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಇದೆ. 1913ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಮೇಲೆ ದಶಕಗಳ ಕಾಲ ಅದು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲವೆಂದೇ ನಂಬಲಾಗಿತ್ತು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿತು. ಗುಹೆ ಕಡೆಗೆ ಹೋಗೋಣವೇ ಎಂದು ಕೇಳಿದೆ. ಗಾರ್ಡ್ ಬೇಡವೆಂದರು, ಸರಿಯೇ ಮಾಡಿದರು.

"ಯಾರಿಗೂ ಗೊತ್ತಿಲ್ಲದ ದಾರಿ" ಎಂದು ನಾನು ಹೊಗಳುತ್ತಿದ್ದಾಗಲೇ ಎದುರಿನಿಂದ ತಲೆಯ ಮೇಲೆ ಅಕ್ಕಿಚೀಲ ಹೊತ್ತ ಹಿರಿಯರೊಬ್ಬರು ಬಂದರು. ಅವರ ಹಿಂದೆ ಇನ್ನಿಬ್ಬರು. ನಮ್ಮ ವಿಹಾರದ ಹಾದಿ ಅವರ ಸಂತೆಯ ಹಾದಿ, ಶಾಲೆಯ ಹಾದಿ, ಆಸ್ಪತ್ರೆಯ ಹಾದಿಯೂ. 2024ರ ಜುಲೈನಲ್ಲಿ ಆಮಗಾಂವದ ಹೆಣ್ಣುಮಗಳೊಬ್ಬರನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು, ಸುರಿವ ಮಳೆಯಲ್ಲಿ ಚಿಕಲೆಯವರೆಗೆ ತಂದಿದ್ದರು. ಅಭಯಾರಣ್ಯದೊಳಗೆ ರಸ್ತೆಗೆ ಒಪ್ಪಿಗೆ ಸಿಗುವುದು ಕಷ್ಟ. ರಸ್ತೆ ಬಂದರೆ ಗೋವಾದ ಕಾರುಗಳೂ ಬಂದಾವು ಎಂಬುದು ನನ್ನ ಹೆದರಿಕೆ. ಆ ಹೆದರಿಕೆ ನಗರಕ್ಕೆ ವಾಪಸು ಹೋಗುವವನದು ಎಂಬುದೂ ನನಗೆ ಗೊತ್ತು.

ಹಿರಿಯರು ಚೀಲ ಇಳಿಸಿ ಕೂತು, ಮರಾಠಿ ಬೆರೆತ ಕನ್ನಡದಲ್ಲಿ ಗೆಳೆಯನ ಉದ್ಯೋಗ ವಿಚಾರಿಸಿದರು. ಆಟೋ ನಗರವೆಂದ ಕೂಡಲೇ ಅವರ ಮುಖ ಅರಳಿತು.

"ಇಲ್ಲಿಗೆ ಯಾವ ಗಾಡಿ ಛಲೋ ಆಗ್ತೈತಿ?"

ಗೆಳೆಯ ನಾನು ತೋರಿಸಿದ ಮರಗಳತ್ತ ಒಮ್ಮೆಯೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಈಗ ಏರು, ತಿರುವು, ಕಲ್ಲು ಎಲ್ಲವನ್ನೂ ಅಳೆದ.

"ಹಳೇ ಜೀಪ್ ತಗೋರಿ ಕಾಕಾ, ಫೋರ್ ವ್ಹೀಲ್. ಗೇರ್‌ಬಾಕ್ಸ್ ನಾ ನೋಡ್ಕೋತೀನಿ."

"ರಸ್ತಾ?"

"ಅದು ನಮ್ಮ ಗ್ಯಾರೇಜಿನ್ಯಾಗ ಆಗೂದಿಲ್ರಿ."