ಹೆಸರಿನ ಬಾಲ



ನಿಮ್ಮ ಮನೆಯ ಅಡುಗೆಮನೆ ಕಡೆ ಒಂದು ಸಲ ನೋಡಿ. ಹಾರ್ಲಿಕ್ಸ್ ಬಾಟ್ಲಿಯಲ್ಲಿ ಸಾರಿನಪುಡಿ ಇರುತ್ತದೆ. ಬಿಸ್ಕತ್ ಡಬ್ಬದಲ್ಲಿ ಸೂಜಿ ದಾರ ಇರುತ್ತದೆ. ಹೊರಗಿನ ಚೀಟಿ ಓದಿ ಹಾಲಿಗೆ ಬೆರೆಸಿಕೊಂಡವನ ಗತಿ ನೀವೇ ಊಹಿಸಿ! ಕಂಪ್ಯೂಟರಿನ ಫೈಲುಗಳಿಗೂ ಇಂಥದ್ದೇ ಚೀಟಿ ಉಂಟು. ಹೆಸರಿನ ಕೊನೆಗೆ ಒಂದು ಚುಕ್ಕಿ, ಆಮೇಲೆ ಎರಡು ಮೂರು ಅಕ್ಷರ ಇರುತ್ತವಲ್ಲ, ಅದಕ್ಕೆ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ನಾನು ಬಾಲ ಅಂತಲೇ ಕರೆಯುತ್ತೇನೆ. ಫೋಟೋಗೆ .ಜೆಪಿಜಿ, ಹಾಡಿಗೆ .ಎಂಪಿ3, ನಾವು ಲ್ಯಾಬಿನಲ್ಲಿ ಬರೆಯುವ ಪೈಥಾನ್ ಪ್ರೋಗ್ರಾಮಿಗೆ .ಪಿವೈ. 1981ರಲ್ಲಿ ಬಂದ ಡಾಸ್‌ನಲ್ಲಿ ಹೆಸರಿಗೆ 8 ಅಕ್ಷರ, ಬಾಲಕ್ಕೆ 3 ಅಕ್ಷರ, ಅಷ್ಟೇ ಜಾಗ.

ನನಗೆ ಈ ಬಾಲದ ಹುಚ್ಚು ಹಿಡಿದದ್ದು ನಮ್ಮ ಅಜ್ಜಿಯಿಂದ. ಅಜ್ಜಿ ಹೋದ ವರ್ಷ ತೀರಿಕೊಂಡಳು. ಓದು ಬರಹ ಬರುತ್ತಿರಲಿಲ್ಲ, ಆದರೆ ಬೀಸುವ ಪದ, ಸೋಬಾನೆ ಪದ ಎಲ್ಲಾ ಬಾಯಲ್ಲೇ ಇದ್ದವು. ಮನೆಯವರು ಅವರವರ ಫೋನಿನಲ್ಲಿ ಅಷ್ಟಿಷ್ಟು ರೆಕಾರ್ಡ್ ಮಾಡಿಟ್ಟಿದ್ದರು. ಎಲ್ಲವನ್ನೂ ಒಂದೇ ಪೆನ್‌ಡ್ರೈವಿಗೆ ತುಂಬಿದಾಗ ಸಾವಿರಕ್ಕೂ ಹೆಚ್ಚು ಫೈಲು! ಮದುವೆ ಫೋಟೋ, ಪಹಣಿ ಫೋಟೋ, ಸಿನಿಮಾ ಹಾಡು, ಎಲ್ಲಾ ಕಲಸುಮೇಲೋಗರ. ಇದರೊಳಗೆ ಅಜ್ಜಿ ಎಲ್ಲಿದ್ದಾಳೆ ಅಂತ ಒಂದೊಂದೇ ತೆಗೆದು ನೋಡೋಕೆ ಲ್ಯಾಬ್ ಪೀರಿಯಡ್ ಎಲ್ಲಿ ಸಾಲುತ್ತೆ?

ಪೈಥಾನ್‌ನಲ್ಲಿ ‘ಸ್ಪ್ಲಿಟ್‌ಎಕ್ಸ್‌ಟ್’ ಅಂತ ಒಂದು ಇದೆ. ಫೈಲಿನ ಹೆಸರು ಕೊಟ್ಟರೆ ತಲೆ ಬೇರೆ, ಬಾಲ ಬೇರೆ ಮಾಡಿ ಕೊಡುತ್ತದೆ. ಹೆಸರಿನ ನಡುವೆ ಎಷ್ಟೇ ಚುಕ್ಕಿ ಇರಲಿ, ಕೊನೆಯ ಚುಕ್ಕಿಯಿಂದ ಮುಂದಿನದೇ ಬಾಲ. ಇದೇನು ಸಣ್ಣ ಮಾತಲ್ಲ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ವೈರಸ್ ಲೋಕವನ್ನೆಲ್ಲಾ ಸುತ್ತಿತು. ಅದರ ಫೈಲಿಗೆ .ಟಿಎಕ್ಸ್‌ಟಿ, .ವಿಬಿಎಸ್ ಅಂತ ಎರಡು ಬಾಲ. ವಿಂಡೋಸ್ ಕೊನೆಯದನ್ನು ಮುಚ್ಚಿ ತೋರಿಸುತ್ತಿತ್ತು. ಸಾದಾ ಪತ್ರ ಅಂದುಕೊಂಡು ಜನ ತೆರೆದರು, ಒಳಗಿದ್ದದ್ದು ಪ್ರೋಗ್ರಾಮು.

ಮೊದಲು ನಾನು ಪೆನ್‌ಡ್ರೈವಿನಲ್ಲಿ ಯಾವ ಯಾವ ಬಾಲ ಇವೆ ಅಂತ ಪಟ್ಟಿ ಮಾಡಿಸಿದೆ. ಅಪ್ಪನ ಹಳೇ ಬಟನ್ ಫೋನಿನದು .ಎಎಂಆರ್. ಚಿಕ್ಕಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದು .ಓಪಸ್. ಅಣ್ಣನ ಹೊಸ ಫೋನಿನದು .ಎಂ4ಎ. ಪುಸ್ತಕದ ಉದಾಹರಣೆಯಲ್ಲಿ ಇದ್ದಂತೆ .ಎಂಪಿ3 ಮಾತ್ರ ಹುಡುಕಿದ್ದರೆ ಸಿನಿಮಾ ಹಾಡು ಕೇಳಿಕೊಂಡು ಕೂರಬೇಕಿತ್ತು! ಪೈಥಾನ್‌ಗೆ ಇಂಗ್ಲಿಷಿನ ದೊಡ್ಡಕ್ಷರದ ಬಾಲ ಬೇರೆ, ಚಿಕ್ಕಕ್ಷರದ ಬಾಲ ಬೇರೆ. ಅದಕ್ಕೆ ‘ಲೋವರ್’ ಹಾಕಿ ಎಲ್ಲವನ್ನೂ ಚಿಕ್ಕಕ್ಷರ ಮಾಡಿಕೊಂಡೆ.

ಆದರೂ ಸೋದರಮಾವ ಹಿಡಿದಿದ್ದ ಪದ ಸಿಗಲಿಲ್ಲ. ವಿಚಾರಿಸಿದರೆ, ಹಾಡಿನ ಫೈಲು ಅಂದಮೇಲೆ ಹಂಗೇ ಇರಬೇಕು ಅಂತ ಮಾವ .ಎಎಂಆರ್ ಅಳಿಸಿ .ಎಂಪಿ3 ಅಂತ ಬರೆದಿದ್ದರಂತೆ. ಅದು ಸಿನಿಮಾ ಹಾಡುಗಳ ರಾಶಿಯಲ್ಲಿ ಸೇರಿಕೊಂಡಿತ್ತು. ಹೆಸರು ಬದಲಾದರೆ ಒಳಗಿನದು ಬದಲಾಗುತ್ತಾ? ಎಎಂಆರ್ ಫೈಲಿನ ಮೊದಲ 5 ಬೈಟಿನಲ್ಲಿ ಹ್ಯಾಷ್ ಗುರುತು, ಉದ್ಗಾರ ಚಿಹ್ನೆ, ಎ, ಎಂ, ಆರ್ ಅಂತಲೇ ಇರುತ್ತದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರು. ಬಾಲ ಬಿಟ್ಟು, ಅಷ್ಟೂ .ಎಂಪಿ3ಗಳ ಹೊಟ್ಟೆಯೊಳಗೆ ಆ 5 ಬೈಟು ಹುಡುಕಿಸಿದೆ. ಎರಡು ಸಿಕ್ಕವು!

ಒಂದರಲ್ಲಿ ಅಜ್ಜಿ ಬೀಸುವ ಪದ ಹೇಳುತ್ತಾಳೆ. ಹಿಂದೆ ಕರು ಕೂಗುತ್ತದೆ. ನಡುವೆ ನಿಲ್ಲಿಸಿ, “ಹಿಡ್ಕಂತೇನ್ಲಾ ಅದು?” ಅಂತ ಮಾವನನ್ನು ಕೇಳುತ್ತಾಳೆ. ಅವ್ವ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದಳು.

ನಿಮ್ಮ ಮನೆಯಲ್ಲೂ ಮೂಲೆಗೆ ಬಿದ್ದ ಹಳೇ ಫೋನು, ಮೆಮೊರಿ ಕಾರ್ಡು ಇದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ಲ್ಯಾಬಿಗೆ ತನ್ನಿ. ಮೇಷ್ಟ್ರು ಒಪ್ಪಿದ್ದಾರೆ. ಹೆಸರು ಮಾತ್ರ ಬದಲಿಸಬೇಡಿ, ಇದ್ದಂಗೇ ತನ್ನಿ.

– ಹತ್ತನೇ ತರಗತಿ