ಖಾರದೊಳಗಿನ ಸಕ್ಕರೆ

ಬ್ಯಾಂಕಾಕಿನ ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ನಾಲ್ಕು ಪುಟ್ಟ ಬಟ್ಟಲು: ಮೀನಿನ ರಸ, ಮೆಣಸಿನ ಪುಡಿ, ಮೆಣಸಿನಕಾಯಿ ನೆನೆಸಿದ ವಿನೆಗರ್, ಜೊತೆಗೆ ಸಕ್ಕರೆ! ಅಲ್ಲಿ ನೆಲೆಸಿದ ವಿದೇಶಿಯರಿಗೆ, ಅದರಲ್ಲೂ ಮಧುಮೇಹದ ಭಯವಿದ್ದವರಿಗೆ, ಮೊದಲು ದಿಗಿಲಾಗುವುದು ಇದನ್ನು ಕಂಡೇ. ಆದರೆ ಬಟ್ಟಲಿನ ಸಕ್ಕರೆಯನ್ನು ಮುಟ್ಟದಿದ್ದರಾಯಿತು. ಪಪ್ಪಾಯಿ ಕಾಯಿಯ ‘ಸೋಮ್ ತಮ್’ ಬರೀ ಹಸಿ ತರಕಾರಿಯಲ್ಲವೇ ಎಂದು ತಿನ್ನುವವರಿಗೆ, ಒರಳಲ್ಲಿ ಅದರೊಡನೆ ಜಜ್ಜಿದ ತಾಳೆಬೆಲ್ಲ ಕಾಣದು. ಓದಲು ಹೋಗುವ ಮಕ್ಕಳು ಕಲಿಯಬೇಕಾದ ಮೊದಲ ಥಾಯ್ ಮಾತು ‘ಮಾಯ್ ಸಾಯ್ ನಾಮ್ ತಾನ್’, ಅಂದರೆ ‘ಸಕ್ಕರೆ ಹಾಕಬೇಡಿ’. ಎದುರಿಗೇ ಕುಟ್ಟಿಕೊಡುವ ತಿಂಡಿಗೆ ಈ ಮಾತು ನಡೆಯುತ್ತದೆ. ಮೊದಲೇ ಕುದಿಸಿಟ್ಟ ಮೇಲೋಗರಕ್ಕಲ್ಲ. ಕಾರ್ಖಾನೆಯ ಸಿಹಿ ಪಾನೀಯಗಳಿಗೆ 2017ರಿಂದ ಸಕ್ಕರೆ ತೆರಿಗೆಯೇನೋ ಇದೆ. ಬೀದಿಬದಿಯಲ್ಲಿ ಕಿತ್ತಳೆ ಬಣ್ಣದ ಚಹಾಕ್ಕೆ ಧಾರಾಳವಾಗಿ ಸುರಿಯುವ ಕಂಡೆನ್ಸ್ಡ್ ಮಿಲ್ಕನ್ನು ಅಳೆಯುವವರು ಯಾರು?